ಹೊಲ ಇರಬೇಕು, ಹೊಲಕ್ಕೆ ಹೋಗಬಾರದು

ಗೋಕಾಕ ಸೀಮೆಯಲ್ಲಿ ಈಗ ಕನ್ಯಾ ಕೇಳಲು ಹೋದವರ ಎದುರು ಹೆಣ್ಣಿನ ಅಪ್ಪ ಇಡುವ ಮೊದಲ ಷರತ್ತು ಇದು: ಹುಡುಗನಿಗೆ ಹೊಲ ಇರಬೇಕು, ಹುಡುಗ ಹೊಲಕ್ಕೆ ಹೋಗಬಾರದು. ಎರಡನೆಯದು: ಸ್ವಂತ ಮನೆ ಇರಬೇಕು, ಮನೆಯಲ್ಲಿ ಯಾರೂ ಇರಬಾರದು. ಅತ್ತೆ-ಮಾವ ಇದ್ದರೆ ಹಳ್ಳಿಯಲ್ಲೇ ಸುಖವಾಗಿರಲಿ, ಪಂಚಮಿಗೊಮ್ಮೆ ಬಂದು ಕಾಲಿಗೆ ಬೀಳೋಣ. ಮೂರನೆಯದು ನೌಕರಿ. ಅದು ಸರಕಾರದ್ದಾಗಿದ್ದರೆ ಮೊದಲಿನ ಎರಡನ್ನೂ ಯಾರೂ ಕೇಳುವುದಿಲ್ಲ, ಹುಡುಗನ ಮುಖವನ್ನೂ ನೋಡುವುದಿಲ್ಲ.

ಷರತ್ತು ಹಾಕುವ ಯಜಮಾನರು ಕೌಜಲಗಿಯಲ್ಲೂ ಇದ್ದಾರೆ, ಸುತ್ತಲ ಹಳ್ಳಿಗಳಲ್ಲೂ ಇದ್ದಾರೆ. ಲೆಕ್ಕಕ್ಕೆ ಅನುಕೂಲವಾಗಲಿ ಎಂದು ಒಬ್ಬರೇ ಎಂದು ಹಿಡಿಯೋಣ. ಅವರಿಗೊಬ್ಬ ಮಗ, ಒಬ್ಬ ಮಗಳು. ಮಗ ಮೂವತ್ತು ದಾಟಿದ್ದಾನೆ, ಕಬ್ಬು ಬೆಳೆಯುತ್ತಾನೆ. ಮಗಳು ಬಿಎಸ್ಸಿ ಮುಗಿಸಿದ್ದಾಳೆ. ಬೆಳಿಗ್ಗೆ ಚಹಾದಂಗಡಿಯ ಕಟ್ಟೆಯಲ್ಲಿ ಕೂತು ಯಜಮಾನರು ಮಗನ ಚಿಂತೆ ಹೇಳಿಕೊಳ್ಳುತ್ತಾರೆ: "ರೈತನ ಮಕ್ಕಳಿಗೆ ಯಾರೂ ಹೆಣ್ಣ ಕೊಡವಲ್ರು ನೋಡ್ರಿ. ಕಾಲ ಕೆಟ್ಟ ಹೋತು. ದೇಶಕ್ಕ ಅನ್ನ ಹಾಕಾವ್ರು ನಾವು." ಕಟ್ಟೆಯೆಲ್ಲ ಹೌದ್ರಿ ಹೌದ್ರಿ ಅನ್ನುತ್ತದೆ. ಅದೇ ದಿನ ಸಂಜೆ ಮಗಳಿಗೊಂದು ಸಂಬಂಧ ಹಿಡಿದುಕೊಂಡು ಹಿರಿಯರೊಬ್ಬರು ಮನೆಗೆ ಬರುತ್ತಾರೆ. ಹುಡುಗ ಒಳ್ಳೆಯವನು, ಚಟವಿಲ್ಲ, ಬೋರ್‌ವೆಲ್ಲಿನಲ್ಲಿ ನೀರಿದೆ.

"ರೈತಗ ಕೊಡೂದಿಲ್ರಿ."

"ಯಾಕ್ರಿ ಯಜಮಾನ್ರ? ನೀವೂ ರೈತ್ರ ಅದೀರೆಲ್ಲಾ?"

"ಅದೀನೆಲ್ರಿ, ಅದಕ್ಕ ಹೇಳಾಕತ್ತೀನಿ. ನನಗ ಗೊತ್ತಿಲ್ಲೇನ್ರಿ ಒಳಗಿಂದು?"

ಇದಕ್ಕಿಂತ ಪ್ರಾಮಾಣಿಕವಾದ ಕೃಷಿ ವರದಿಯನ್ನು ಯಾವ ಆಯೋಗವೂ ಕೊಟ್ಟಿಲ್ಲ. ಬೆಳಗಿನ ಯಜಮಾನರಿಗೆ ಹೆಣ್ಣು ಕೊಡದಿರುವ ಪಾಪಿ ಯಾರು ಎಂದು ಹುಡುಕಿದರೆ ಸಂಜೆಯ ಯಜಮಾನರೇ ಸಿಗುತ್ತಾರೆ. ಇಬ್ಬರೂ ಒಂದೇ ಟವೆಲ್ ಹೊತ್ತುಕೊಂಡಿರುತ್ತಾರೆ.

ಹಿಂದೆ ಹೀಗಿರಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ನಿಜ, ಹಿಂದೆ ಬೇರೆ ಥರ ಇತ್ತು. ಸಂಬಂಧ ನೋಡಲು ಹೋದ ಹಿರಿಯರು ಪಡಸಾಲಿಗೆ ಹೋಗುವ ಮೊದಲು ಬಯಲಕಡೆ ಹೋಗಿ ಬರುತ್ತೇವೆಂದು ನೆಪ ಹೇಳಿ ಹಿತ್ತಲು ಸುತ್ತುತ್ತಿದ್ದರು. ನೋಡುತ್ತಿದ್ದದ್ದು ತಿಪ್ಪಿ. ತಿಪ್ಪಿ ಎಷ್ಟು ಎತ್ತರವೋ ಕೊಟ್ಟಿಗೆಯಲ್ಲಿ ದನ ಅಷ್ಟು. ಬಣವಿಯ ಉದ್ದ ನೋಡಿದರೆ ಹೊಲ ಎಷ್ಟೆಂದು ತಿಳಿಯುತ್ತಿತ್ತು. ಹಗೇವಿನ ಬಾಯಿ ತೆಗೆಸಿ ಜೋಳದ ವಾಸನೆ ನೋಡುವ ಗಟ್ಟಿಗರೂ ಇದ್ದರು. ಹುಡುಗನನ್ನು ಕೊನೆಗೆ ನೋಡುತ್ತಿದ್ದರು, ನೋಡದಿದ್ದರೂ ನಡೆಯುತ್ತಿತ್ತು. ಮೋಸವೂ ಇತ್ತು. ನೋಡಲು ಬರುವ ದಿನ ಪಕ್ಕದ ಮನೆಯ ಕಿಲಾರಿ ಎತ್ತು ತಂದು ತಮ್ಮ ಗ್ವಾದಲಿಗೆ ಕಟ್ಟಿಕೊಂಡು, ಬೀಗರು ಬಂಡಿ ಏರಿದ ಕೂಡಲೇ ವಾಪಸು ಹೊಡೆದುಕೊಂಡು ಹೋದ ಕಥೆ ಹಳೆಯ ಮಂದಿಯ ಬಾಯಲ್ಲಿ ಇನ್ನೂ ಇದೆ. ಈಗ ಗೋಕಾಕದಿಂದ ಬಾಡಿಗೆ ಕಾರು ತಂದು ಬಾಗಿಲ ಮುಂದೆ ನಿಲ್ಲಿಸುತ್ತಾರೆ. ಎತ್ತು ಕನಿಷ್ಠ ಸಗಣಿ ಹಾಕಿ ಹೋಗುತ್ತಿತ್ತು.

ಒಟ್ಟಿನಲ್ಲಿ ಇದನ್ನೇ ಮನಿತನ ನೋಡುವುದು ಎನ್ನುತ್ತಿದ್ದರು. ಮನಿತನದ ಏಣಿಯಲ್ಲಿ ಮೇಲೆ ವಾಡೆಯ ದೇಸಾಯಿ, ಅವನ ಕೆಳಗೆ ಗೌಡ, ಕುಲಕರ್ಣಿ, ಅವರ ಕೆಳಗೆ ಸ್ವಂತ ಹೊಲದವನು, ಅವನ ಕೆಳಗೆ ಲಾವಣಿಯವನು, ಎಲ್ಲರ ಕೆಳಗೆ ಮಂದಿ ಲೆಕ್ಕಕ್ಕೇ ಹಿಡಿಯದವರು. ಏಣಿಯ ಒಂದೊಂದು ಮೆಟ್ಟಿಲಿನವರು ಅದೇ ಮೆಟ್ಟಿಲಿನಲ್ಲಿ ಹೆಣ್ಣು ತರಬೇಕು. ತೀರಾ ದೊಡ್ಡ ಮನೆತನದವರಿಗೆ ಮಾತ್ರ ಇನ್ನೊಂದು ಸೌಲಭ್ಯವಿತ್ತು. ನಮ್ಮ ಗಡಿಯಾಚೆಯ ಮರಾಠಾ ಸರದಾರರಲ್ಲಿ ಖಾಂಡಾ ಲಗ್ನ ಎಂಬುದೊಂದು ಪದ್ಧತಿ. ತಮಗಿಂತ ಕೆಳಗಿನ ಮನೆಯ ಹೆಣ್ಣು ತರುವಾಗ ಸರದಾರ ಖುದ್ದು ಹಂದರಕ್ಕೆ ಹೋಗುವುದಿಲ್ಲ, ಕತ್ತಿ ಕಳಿಸುತ್ತಾನೆ. ಹೆಣ್ಣು ಕತ್ತಿಯ ಪಕ್ಕದಲ್ಲಿ ನಿಂತು ಅಕ್ಕಿಕಾಳು ಹಾಕಿಸಿಕೊಂಡು ಬರಬೇಕು. ಎಂಥ ಅನಾಗರಿಕತೆ ಎಂದು ನಕ್ಕವರ ಮನೆಯಲ್ಲೇ ಈಗ ಅಮೆರಿಕದ ಅಳಿಯನಿಗೆ ರಜೆ ಸಿಗಲಿಲ್ಲವೆಂದು ಸಾಕರಪುಡಾ ವಿಡಿಯೋ ಕಾಲಿನಲ್ಲಿ ನಡೆಯುತ್ತದೆ. ಹುಡುಗಿ ಮೊಬೈಲಿನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾಳೆ. ಕತ್ತಿಗೆ ಚಾರ್ಜು ಮುಗಿಯುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಆದರೆ ಹಳೆಯ ಕಾಲವನ್ನು ಹೊಗಳುವವರು ಬೇಕೆಂದೇ ಮರೆತಿರುವ ಒಂದು ಸಂಗತಿ ಇದೆ: ತೆರ. ಹೊಲದಲ್ಲಿ ದುಡಿದು ತಿನ್ನುವ ಸಮುದಾಯಗಳಲ್ಲಿ ಹಣ ಕೊಡುತ್ತಿದ್ದವನು ಗಂಡಿನ ಅಪ್ಪ, ತೆಗೆದುಕೊಳ್ಳುತ್ತಿದ್ದವನು ಹೆಣ್ಣಿನ ಅಪ್ಪ. ಮಗಳು ಹೋದರೆ ಕಳೆ ತೆಗೆಯುವ, ಕೊಯ್ಲು ಮಾಡುವ, ಹೈನು ನೋಡುವ ಆಳು ಹೋದಂತೆ, ಆ ನಷ್ಟ ತುಂಬಿಕೊಡು ಎಂಬ ನೇರ ಲೆಕ್ಕ. ಅದರ ಜೊತೆಗೆ ಉಡಕಿ ಇತ್ತು. ಗಂಡ ಸತ್ತವಳು, ಬಿಟ್ಟವಳು ಇನ್ನೊಬ್ಬನಿಂದ ಸೀರೆ ಉಡಿಸಿಕೊಂಡು ಎರಡನೆಯ ಸಂಸಾರ ಹೂಡಬಹುದಿತ್ತು. ವಿಧವೆಯರ ಮರುಮದುವೆಗೆ 1856ರಲ್ಲಿ ಕಾಯ್ದೆ ಮಾಡಿ ಮೇಲಿನವರು ದೊಡ್ಡ ಸುಧಾರಣೆ ಮಾಡಿದೆವೆಂದು ಬೀಗಿದರು. ಕೆಳಗಿನವರಿಗೆ ಆ ಕಾಯ್ದೆ ಯಾಕೆ ಬೇಕೆಂದೇ ತಿಳಿಯಲಿಲ್ಲ.

ತೆರ ಏನು ಚಿನ್ನದಂಥ ಪದ್ಧತಿ ಎಂದು ನಾನು ಹೇಳುತ್ತಿಲ್ಲ. ಸಾಲ ತೀರಿಸಲು ಮಗಳ ತೆರ ತಿಂದ ಅಪ್ಪಂದಿರು ಇದ್ದರು. ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆ 1930ರ ಏಪ್ರಿಲ್ 1ರಿಂದ ಜಾರಿಗೆ ಬರುತ್ತದೆಂದು ಗೊತ್ತಾದದ್ದೇ ತಡ, ಅದರ ಹಿಂದಿನ ತಿಂಗಳುಗಳಲ್ಲಿ ದೇಶದ ತುಂಬ ತೊಟ್ಟಿಲ ಕೂಸುಗಳಿಗೂ ಬಾಸಿಂಗ ಕಟ್ಟಿದರು. ಕಾನೂನು ಬರುವ ಮೊದಲೇ ಅದನ್ನು ಪಾಲಿಸಲು ಓಡುವುದು ನಮಗೆ ಬರುವುದಿಲ್ಲ, ಮುರಿಯಲು ಓಡುವುದು ಚೆನ್ನಾಗಿ ಬರುತ್ತದೆ.

ಮಜಾ ಇರುವುದು ತೆರ ಹುಂಡಾ ಆದ ಬಗೆಯಲ್ಲಿ. ಎರಡು ವರ್ಷ ಮಳೆ ಚೆನ್ನಾಗಿ ಬಂದು, ಕಾಲುವೆ ನೀರು ಹರಿದು, ಕೈಯಲ್ಲಿ ನಾಲ್ಕು ಕಾಸು ಕೂಡಿದ ಮನೆಯವರು ಮೊದಲು ಮಾಡಿದ ಕೆಲಸ ಮನೆಯ ಹೆಂಗಸರನ್ನು ಹೊಲದಿಂದ ಒಳಗೆ ಕರೆದದ್ದು. ಎರಡನೆಯದು ಉಡಕಿ ನಿಲ್ಲಿಸಿದ್ದು. ಮೂರನೆಯದು ತೆರ ತೆಗೆದುಕೊಳ್ಳುವುದು ಹಲಕಾ ಮಂದಿಯ ಕೆಲಸ ಎಂದು ಹೇಳಿ, ಮಗನಿಗೆ ಹುಂಡಾ ಕೇಳಿದ್ದು. ಎಂ.ಎನ್. ಶ್ರೀನಿವಾಸ್ 1942ರಲ್ಲೇ ಹಳೆಯ ಮೈಸೂರಿನ ಮದುವೆ ಮತ್ತು ಕುಟುಂಬದ ಮೇಲೆ ಪುಸ್ತಕ ಬರೆದರು. ಕೆಳಗಿನವರು ಮೇಲಿನವರ ರೀತಿ-ರಿವಾಜು ಹಿಡಿಯುವುದಕ್ಕೆ ಮುಂದೆ ಸಂಸ್ಕೃತೀಕರಣ ಎಂಬ ಹೆಸರು ಕೊಟ್ಟವರೂ ಅವರೇ. ನಮ್ಮ ಕಡೆ ಇದಕ್ಕೆ ಹೆಸರಿನ ಅಗತ್ಯ ಬೀಳಲಿಲ್ಲ, ದೊಡ್ಡವರಾದೆವು ಎಂದರು, ಮುಗಿಯಿತು. ದೊಡ್ಡವರಾದರೆ ದೊಡ್ಡವರ ಬೇನೆಯೂ ಬರಬೇಕಲ್ಲ.

1961ರಲ್ಲಿ ವರದಕ್ಷಿಣೆ ನಿಷೇಧ ಕಾಯ್ದೆ ಬಂತು. ಆಗಿನಿಂದ ಯಾರೂ ಹುಂಡಾ ಕೇಳುವುದಿಲ್ಲ. ಮಾತುಕತೆಗೆ ಕೂತ ಪಡಸಾಲಿಯಲ್ಲಿ ಗಂಡಿನ ಅಪ್ಪ ಎಲೆ-ಅಡಿಕೆ ಹಾಕಿಕೊಳ್ಳುತ್ತ, "ನಮಗೇನೂ ಬ್ಯಾಡ್ರಿ ಬೀಗರ, ದೇವರ ಕೊಟ್ಟಾನ. ನಿಮ್ಮ ಮಗಳಿಗೆ ನೀವ್ ಏನ್ ಹಾಕ್ತೀರಿ ಹಾಕ್ರಿ" ಎನ್ನುತ್ತಾರೆ. ಹೆಣ್ಣಿನವರು ಉಸಿರು ಬಿಡುತ್ತಾರೆ. ಸುಣ್ಣ ಹಚ್ಚಿ, ಎಲೆ ಮಡಚಿ, ಬಾಯಿಗಿಟ್ಟು, ಎರಡು ಸಲ ಅಗಿದ ಮೇಲೆ ಮಾತು ಮುಂದುವರಿಯುತ್ತದೆ: "ದೊಡ್ಡ ಸೊಸಿ ಹತ್ ತೊಲಿ ಹಾಕ್ಕೊಂಡ ಬಂದಾಳ. ಸುಮ್ನ ಮಾತಿಗೆ ಹೇಳಿದೆ." ಕೋರ್ಟಿನಲ್ಲಿ ಈ ಮಾತನ್ನು ಸಾಕ್ಷಿಯಾಗಿ ಇಟ್ಟು ನೋಡಿ, ಯಾವ ಕಲಮಿಗೂ ಸಿಗುವುದಿಲ್ಲ.

ಸಂಸಾರದ ಈ ರಾಜಕಾರಣ ಕೌಜಲಗಿಗೆ ಹೊಸದೇನಲ್ಲ. ಶ್ರೀಕೃಷ್ಣ ಪಾರಿಜಾತವನ್ನು ಬಯಲಾಟವಾಗಿ ಬೆಳೆಸಿದ ತಮ್ಮಣ್ಣ ಹತ್ತಿರದ ಕುಲಗೋಡದವನು. ಅದನ್ನು ಊರೂರಿಗೆ ಒಯ್ದು ಹೆಸರು ಮಾಡಿದವರು ಕೌಜಲಗಿ ನಿಂಗಮ್ಮ. ನಾರದ ಒಂದು ಹೂವು ತರುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಸೆಟೆದುಕೊಳ್ಳುತ್ತಾಳೆ. ರಾತ್ರಿಯಿಡೀ ಆಟ. ಜಗಳ ಹೂವಿನದಲ್ಲ ಎಂಬುದು ಮುಂದಿನ ಸಾಲಿನ ಮುದುಕಿಗೂ ಗೊತ್ತು, ಯಾರ ಅಂತಸ್ತು ಮೇಲು ಎಂಬುದರದು. ದೇವರಿಗೇ ಇಬ್ಬರ ಮಾನ ಸಂಭಾಳಿಸಲು ಬೆಳಗಾಗಬೇಕಾಯಿತು. ಆಟದ ಹೆಣ್ಣುಮಕ್ಕಳನ್ನು ಬೆಳಗಿನ ತನಕ ಕಣ್ಣು ಮಿಟುಕಿಸದೆ ನೋಡಿ, ನೋಟು ತೋರಿಸಿ ಆಯೇರಿ ಕೂಗಿಸಿದ ಆ ಕಾಲದ ಮಂದಿಯೇ, ಸೂರ್ಯ ಹುಟ್ಟಿದ ಮೇಲೆ ಅಂಥ ಹೆಣ್ಣುಮಕ್ಕಳು ತಮ್ಮ ಮದುವೆ ಹಂದರದಲ್ಲಿ ಎಲ್ಲಿ ಕೂರಬೇಕು ಎಂಬುದಕ್ಕೆ ಬೇರೆ ಕಾನೂನು ತೆಗೆಯುತ್ತಿದ್ದರು. ಕಲೆಗೆ ಜಾತಿಯಿಲ್ಲ ಎಂಬ ಮಾತು ಸೂರ್ಯೋದಯದವರೆಗೆ ಮಾತ್ರ ಚಾಲ್ತಿ.

ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು 1972ರಲ್ಲಿ ಬರೆದ 'ಜೋಕುಮಾರಸ್ವಾಮಿ' ನಾಟಕದಲ್ಲಿ ಊರ ಹೊಲವೆಲ್ಲ ತನ್ನದೆನ್ನುವ ಗೌಡ ಇದ್ದಾನೆ, ಅವನ ಮನೆಯಲ್ಲಿ ತೊಟ್ಟಿಲು ತೂಗುವುದಿಲ್ಲ. ಉತ್ತವನದೇ ಹೊಲ ಎನ್ನುವ ಬಸಣ್ಣನಿಂದ ಗೌಡತಿ ಬಸಿರಾಗುತ್ತಾಳೆ. ಕೊನೆಗೆ ಬಸಣ್ಣನ ಕೊಲೆಯಾಗುತ್ತದೆ. ಎರಡೇ ವರ್ಷಕ್ಕೆ, 1974ರಲ್ಲಿ, ಭೂಸುಧಾರಣೆ ತಿದ್ದುಪಡಿ ಕಾಯ್ದೆ ಬಂದು ಉಳುವವನೇ ಒಡೆಯ ಎಂದಿತು. ಬಸಣ್ಣನ ವಾದದ ಅರ್ಧವನ್ನು ಸರಕಾರ ಒಪ್ಪಿತು. ಉಳಿದರ್ಧದ ಬಗ್ಗೆ ಯಾವ ಪಕ್ಷವೂ ಪ್ರಣಾಳಿಕೆಯಲ್ಲಿ ಬರೆದಿಲ್ಲ.

ಏಣಿ ಮುರಿಯಿತೇ? ಅಯ್ಯೋ, ಎಲ್ಲಿಯ ಮಾತು. ಫಾರಂ ನಂಬರ್ ಏಳು ತುಂಬಿ ಹೊಲ ಪಡೆದ ಲಾವಣಿಯವನು ಮರುವರ್ಷವೇ ಮನೆತನಸ್ಥನಾದ, ಕೂಲಿಯವನ ಮನೆಗೆ ಹೆಣ್ಣು ಕೊಡುವುದಿಲ್ಲ ಎಂದ. ಅವನ ಹೊಲವನ್ನು ಮಕ್ಕಳು ಹಂಚಿಕೊಂಡರು, ಮೊಮ್ಮಕ್ಕಳು ಇನ್ನೊಮ್ಮೆ ಹಂಚಿಕೊಂಡರು. ಈಗ ಉತಾರೆಯಲ್ಲಿ ಹೆಸರು ಉದ್ದ, ಹೊಲ ಗಿಡ್ಡ. ಅಷ್ಟರಲ್ಲಿ ತಿಂಗಳ ಪಗಾರ ಎಂಬ ಹೊಸ ದೇವರು ಬಂದಿದ್ದ. ಗೋಕಾಕ ಫಾಲ್ಸಿನಲ್ಲಿ 1880ರ ದಶಕದಲ್ಲೇ ಹತ್ತಿಯ ಮಿಲ್ಲು ಎದ್ದು, ಮಳೆ ಬರಲಿ ಬಿಡಲಿ ದುಡ್ಡು ಬರುತ್ತದೆ ಎಂಬ ಪವಾಡವನ್ನು ಈ ಸೀಮೆಗೆ ತೋರಿಸಿಕೊಟ್ಟಿತ್ತು. ಈಗಿನ ಏಣಿಯಲ್ಲಿ ತಲಾಟಿ ಮೇಲಿದ್ದಾನೆ, ಪಗಾರಕ್ಕಿಂತ ಹೆಚ್ಚು ಬರುತ್ತದೆಂಬ ಗೌರವದಿಂದ. ಮಾಸ್ತರ, ಪೊಲೀಸ, ಲೈನ್‌ಮನ್, ಬಸ್ಸಿನ ಕಂಡಕ್ಟರ್ ಒಬ್ಬೊಬ್ಬರಿಗೂ ಒಂದೊಂದು ತೊಲಿಯ ಲೆಕ್ಕವಿದೆ. ಮಿಲಿಟ್ರಿಯವನಿಗೆ ಕ್ಯಾಂಟೀನಿನ ಲಾಭವೂ ಸೇರುತ್ತದೆ. ಬೆಂಗಳೂರಿನ ಸಾಫ್ಟ್‌ವೇರಿನವನು ಮೇಲಿದ್ದ, ಕಂಪನಿಗಳು ಮಂದಿಯನ್ನು ತೆಗೆಯಲು ಶುರು ಮಾಡಿದ ಮೇಲೆ ಯಜಮಾನರು ಅವನನ್ನು ಸ್ವಲ್ಪ ಕೆಳಗಿಳಿಸಿದ್ದಾರೆ. ಎಲ್ಲಕ್ಕಿಂತ ಕೆಳಗೆ ಹತ್ತು ಎಕರೆ ನೀರಾವರಿಯ ಒಡೆಯ. ದೇಸಾಯಿ ಕೂತಿದ್ದ ಏಣಿಯನ್ನು ತಿರುಗಿಸಿ ನಿಲ್ಲಿಸಿದ್ದೇವೆ, ಒಂದು ಮೆಟ್ಟಿಲನ್ನೂ ಕಿತ್ತಿಲ್ಲ.

2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಕಬ್ಬಿಗೆ ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂತರು. ಮಂತ್ರಿಗಳು ಓಡಾಡಿದರು, ಮುಖ್ಯಮಂತ್ರಿ ಸಭೆ ಕರೆದರು, 3,300ಕ್ಕೆ ಬಂದು ನಿಂತಿತು. ಕಬ್ಬಿಗಾದರೆ ಕೇಂದ್ರ ಸರಕಾರ ವರ್ಷವರ್ಷ ದರ ಗೊತ್ತುಮಾಡುತ್ತದೆ, ಕಡಿಮೆಯಾದರೆ ಕೇಳಲು ಕ್ರಾಸು ಇದೆ. ಕಬ್ಬು ಬೆಳೆದವನಿಗೆ ದರ ಗೊತ್ತುಮಾಡುವುದು ಬೀಗರ ಪಡಸಾಲಿ. ಅಲ್ಲಿ ಧರಣಿ ಕೂರಲು ಬರುವುದಿಲ್ಲ. ಕಾರ್ಖಾನೆಯ ಬಿಲ್ಲು ಬಂದ ಮೇಲೆ ಲಗ್ನ ಎಂದು ಹಿಂದೆ ಹೇಳುತ್ತಿದ್ದರು. ಈಗ ಬಿಲ್ಲು ಬರುತ್ತದೆ, ಕನ್ಯಾ ಬರುವುದಿಲ್ಲ.

ದಕ್ಷಿಣದವರು ಇದಕ್ಕೂ ಪಾದಯಾತ್ರೆ ಹಚ್ಚಿದರು. 2023ರ ಫೆಬ್ರುವರಿಯಲ್ಲಿ ಮಂಡ್ಯದ ಕಡೆಯ ಬ್ರಹ್ಮಚಾರಿಗಳು ಹೆಣ್ಣು ಕರುಣಿಸು ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದರು. ಅದಕ್ಕೂ ಮೊದಲು ನಮ್ಮ ಗಡಿಯಾಚೆಯ ಸೊಲ್ಲಾಪುರದಲ್ಲಿ ಮದುಮಕ್ಕಳ ವೇಷ ತೊಟ್ಟು ಕುದುರೆಯೇರಿ ಕಲೆಕ್ಟರ್ ಕಚೇರಿಗೆ ಮೆರವಣಿಗೆ ಹೋದರು. ಅದೇ 2023ರ ಚುನಾವಣೆಯ ಪ್ರಚಾರದಲ್ಲಿ ಜೆಡಿಎಸ್‌ನ ಕುಮಾರಸ್ವಾಮಿಯವರು ರೈತರ ಮಕ್ಕಳನ್ನು ಮದುವೆಯಾಗುವ ಹುಡುಗಿಯರಿಗೆ 2 ಲಕ್ಷ ರೂಪಾಯಿ ಕೊಡುವುದಾಗಿ ಹೇಳಿದರು. ಇನ್ನೂ ಹಿಂದೆ, 2021ರಲ್ಲಿ, ಬ್ರಾಹ್ಮಣ ಅಭಿವೃದ್ಧಿ ಮಂಡಳಿ ಅರ್ಚಕರ ಕೈಹಿಡಿಯುವ ಹುಡುಗಿಯರಿಗೆ ಮೈತ್ರೇಯಿ ಎಂಬ ಹೆಸರಿನಲ್ಲಿ 3 ಲಕ್ಷದ ಬಾಂಡು ಕೊಡುವ ಯೋಜನೆ ತಂದಿತ್ತು. ನೋಡಿ, ಉತ್ತವನಿಗೂ ಹೆಣ್ಣಿಲ್ಲ, ಮಂತ್ರ ಹೇಳಿದವನಿಗೂ ಹೆಣ್ಣಿಲ್ಲ. ಸಾವಿರ ವರ್ಷ ಒಬ್ಬರನ್ನೊಬ್ಬರು ಹಂದರದ ಬೇರೆ ಬೇರೆ ಪಂಕ್ತಿಗಳಲ್ಲಿ ಕೂರಿಸಿದ ಇಬ್ಬರನ್ನೂ ಸರಕಾರದ ಒಂದೇ ಅರ್ಜಿ ನಮೂನೆ ಸಾಲಾಗಿ ನಿಲ್ಲಿಸುವ ಕಾಲ ಬಂತು. ಮತ್ತು ತೆರ ಎಂಬ ಹಲಕಾ ಪದ್ಧತಿ ಪ್ರಣಾಳಿಕೆಯ ಬಾಗಿಲಿನಿಂದ ಸಭ್ಯವಾಗಿ ಒಳಗೆ ಬಂತು.

ದುಡ್ಡಿದ್ದವರ ವಿಷಯ ಬೇರೆ, ಅದನ್ನು ಹೆಚ್ಚು ಹೇಳುವಂತಿಲ್ಲ. 2016ರ ನವೆಂಬರ್ 8ರಂದು ನೋಟು ರದ್ದಾಗಿ ದೇಶವೆಲ್ಲ ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದಾಗ, ಒಂದೇ ವಾರದಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಗಣಿಧಣಿ ಜನಾರ್ದನ ರೆಡ್ಡಿಯವರ ಮಗಳ ಮದುವೆ ಹೇಗಾಯಿತೆಂದು ಎಲ್ಲರೂ ನೋಡಿದ್ದೇವೆ. ಲಗ್ನಪತ್ರಿಕೆ ತೆರೆದರೆ ಪರದೆಯ ಮೇಲೆ ಸಿನಿಮಾ ಓಡುತ್ತಿತ್ತು. ಬಡವರಿಗಾಗಿ ಸರಕಾರ ಸಪ್ತಪದಿ ಸಾಮೂಹಿಕ ವಿವಾಹ ತಂದಿತ್ತು, 8 ಗ್ರಾಂ ಚಿನ್ನದ ತಾಳಿ ಸಮೇತ. ವೇದಿಕೆಯ ಮೇಲಿಂದ ಸರಳ ವಿವಾಹದ ಮಹತ್ವ ಹೇಳಿ ಕೆಳಗಿಳಿದ ಧುರೀಣರು ತಮ್ಮ ಮಗನನ್ನು ಆ ಸಾಲಿನಲ್ಲಿ ಕೂರಿಸಿದ್ದು ನಾನಂತೂ ನೋಡಿಲ್ಲ.

ಇನ್ನು ಜಾತಿ. ಬಸವ ಜಯಂತಿಯ ದಿನ ನಮ್ಮ ಯಜಮಾನರೇ ಅಧ್ಯಕ್ಷರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟು ಮದುವೆ ಮಾಡಿದ್ದು, ಅರಸ ಬಿಜ್ಜಳ ಬೀಗರಿಬ್ಬರಿಗೂ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆ ಶಿಕ್ಷೆ ಕೊಟ್ಟದ್ದು, ಇದನ್ನೆಲ್ಲ ಅವರು ಹೇಳುವಾಗ ಸಭೆಯಲ್ಲಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಭಾಷಣ ಮುಗಿಸಿ ಕೆಳಗಿಳಿದಾಗ ವಾಟ್ಸ್ಯಾಪಿಗೆ ಒಂದು ಬಯೋಡಾಟಾ ಬಂದಿರುತ್ತದೆ. ಯಜಮಾನರು ಕನ್ನಡಕ ಏರಿಸಿ, ಎರಡು ಬೆರಳಿನಿಂದ ಹಿಗ್ಗಿಸಿ ನೋಡುವುದು ಒಂದೇ ಸಾಲು: ಒಳಪಂಗಡ. ಪಂಚಮಸಾಲಿಯೋ, ಬಣಜಿಗನೋ, ಗಾಣಿಗನೋ. ಹೊರಗಿನ ಜಾತಿಯ ಮಾತು ಬಿಡಿ, ಒಳಗಿನದೇ ಇನ್ನೂ ಇತ್ಯರ್ಥವಾಗಿಲ್ಲ. ಬಿಜ್ಜಳನಿಗೆ ಈ ಅನುಕೂಲ ಇರಲಿಲ್ಲ ಪಾಪ, ಇದ್ದಿದ್ದರೆ ಆನೆ ತರಿಸದೆ ಗ್ರೂಪಿನಿಂದ ತೆಗೆದು ಸುಮ್ಮನಾಗುತ್ತಿದ್ದ.

ನಗುವುದಕ್ಕೆ ಬರದ ಮಾತೂ ಇದೆ. 2023ರ ಡಿಸೆಂಬರಿನಲ್ಲಿ ಬೆಳಗಾವಿ ತಾಲೂಕಿನ ಹೊಸ ವಂಟಮುರಿಯಲ್ಲಿ ಒಬ್ಬ ಹುಡುಗ ತಾನು ಪ್ರೀತಿಸಿದ ಹುಡುಗಿಯನ್ನು ಕರೆದುಕೊಂಡು ಊರು ಬಿಟ್ಟ. ಹುಡುಗಿಯ ಕಡೆಯವರು ರಾತ್ರಿ ಬಂದು ಹುಡುಗನ ತಾಯಿಯನ್ನು ಮನೆಯಿಂದ ಎಳೆದು ತಂದು, ಬೆತ್ತಲೆ ಮಾಡಿ, ಕಂಬಕ್ಕೆ ಕಟ್ಟಿ ಹೊಡೆದರು. ಅದೇ ವಾರ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಾಡಿನ ಶಾಸಕರೆಲ್ಲ ಚಳಿಗಾಲದ ಅಧಿವೇಶನಕ್ಕೆ ಸೇರಿದ್ದರು. ಹೈಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ನೋಡುತ್ತ ನಿಂತ ಊರಿನ ಮಂದಿಯ ಹೊಣೆ ಏನು ಎಂದು ಕೇಳಿ, ಬ್ರಿಟಿಷರ ಕಾಲದಲ್ಲಿ ಇಡೀ ಊರಿಗೆ ಹಾಕುತ್ತಿದ್ದ ಪುಂಡುಗಂದಾಯವನ್ನು ನೆನಪಿಸಿತು. ಮನೆತನದ ಮಾನ ಎಲ್ಲಿರುತ್ತದೆ ಎಂದು ಕೇಳಿದರೆ ನಾವು ಯಾವಾಗಲೂ ಹೆಂಗಸಿನ ಮೈಯನ್ನೇ ತೋರಿಸುತ್ತೇವೆ. ತಮ್ಮ ಮಾನ ಹೋಯಿತೆಂದು ಹುಡುಗಿಯ ಕಡೆಯವರು ಕಳೆಯಲು ಹೋದದ್ದೂ ಇನ್ನೊಬ್ಬ ಹೆಂಗಸಿನದನ್ನೇ. ಹಿಂದಿನ ಕಾಲ, ಇಂದಿನ ಕಾಲ ಎಂದು ಗೆರೆ ಕೊರೆಯುವವರು ಆ ಕಂಬವನ್ನು ಗೆರೆಯ ಯಾವ ಕಡೆ ನಡುತ್ತಾರೋ ಕಾಣೆ.

ಮತ್ತೆ ಯಜಮಾನರ ಮನೆಗೆ ಬರೋಣ, ಅಲ್ಲಿ ಒಂದು ಶುಭ ಸಮಾಚಾರವಿದೆ. ಮಗನಿಗೆ ಮೂವತ್ತೆಂಟಾಯಿತು, ಕೊನೆಗೂ ಕನ್ಯಾ ಸಿಕ್ಕಿತು. ದೂರದ ಜಿಲ್ಲೆಯ ಬಡವರ ಹುಡುಗಿ. ಏಜೆಂಟನೊಬ್ಬ ಗೊತ್ತುಮಾಡಿಕೊಟ್ಟ. ಎರಡೂ ಕಡೆಯ ಮದುವೆ ಖರ್ಚು ಗಂಡಿನವರದೇ, ಹುಡುಗಿಯ ಅಪ್ಪನ ಕೈಗೆ ಒಂದಿಷ್ಟು, ಏಜೆಂಟನಿಗೆ ಒಂದಿಷ್ಟು. ಅದು ತೆರವಲ್ಲ, ತೆರ ಎಂದರೆ ಯಜಮಾನರಿಗೆ ಸಿಟ್ಟು ಬರುತ್ತದೆ, ಅದು ಸಹಾಯ. ಹುಡುಗಿಯ ಜಾತಿ? ಏಜೆಂಟನನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಮಗನಿಗೆ ಇಪ್ಪತ್ತೈದಿದ್ದಾಗ ಒಳಪಂಗಡ ನೋಡುತ್ತಿದ್ದರು, ಮೂವತ್ತಕ್ಕೆ ಜಾತಿ ನೋಡುತ್ತಿದ್ದರು, ಮೂವತ್ತೈದಕ್ಕೆ ಧರ್ಮ ನೋಡಿದರು, ಮೂವತ್ತೆಂಟಕ್ಕೆ ಆಧಾರ್ ಕಾರ್ಡು ನೋಡಿದರು. ಕಲ್ಯಾಣದಲ್ಲಿ ಆಗದ ಕ್ರಾಂತಿ ಹೀಗೆ ವಯಸ್ಸಿನ ಕೃಪೆಯಿಂದ ಕೌಜಲಗಿಯಲ್ಲಿ ಆಗುತ್ತಿದೆ.

ಅಕ್ಕಿಕಾಳಿಗೆ ಹೋದವರು ಹುಗ್ಗಿ, ಬದನಿಕಾಯಿ ಪಲ್ಯ ಉಂಡು, ಆಯೇರಿ ಬರೆಸಿ, ಕೈ ತೊಳೆಯುವಲ್ಲಿ ಹುಡುಗಿಯ ಜಾತಿ ಯಾವುದೋ ಎಂದು ಪಿಸುಗುಟ್ಟಿದ್ದು ಯಜಮಾನರ ಕಿವಿಗೂ ಬಿತ್ತು. ಅವರೇ ಹೇಳಿದರು:

"ಅಯ್ನೋರ್ ಲಿಂಗಾ ಕಟ್ಟಿ ದೀಕ್ಷಾ ಕೊಟ್ಟಾರ್ರಿ. ಈಗ ಆಕಿ ನಮ್ಮಾಕಿ."

"ಒಳ್ಳೇದಾತ್ ಬಿಡ್ರಿ. ಹಂಗಾರ ಮಗಳಿಗೂ ಬ್ಯಾರೆ ಜಾತ್ಯಾಂವ ಒಬ್ಬ ಛೊಲೋ ಹುಡುಗ ಸಿಕ್ರ, ಅವಂಗೂ ಹಿಂಗ ದೀಕ್ಷಾ ಕೊಡಸಬಹುದಲ್ರಿ?"

ಯಜಮಾನರು ಕೇಳಿದವರ ಮುಖ ನೋಡಿದರು, ಹಂದರದ ಕಡೆ ನೋಡಿದರು, ಬಡಿಸುವ ಹುಡುಗನನ್ನು ಕೂಗಿದರು.

"ಏ ತಮ್ಮಾ, ಇವ್ರಿಗಿ ಇನ್ನೊಂದೀಟ್ ಹುಗ್ಗಿ ಹಾಕೋ. ಹೊಟ್ಟಿ ತುಂಬಿಲ್ಲ ಇವ್ರದು."